ಪ್ರಾಜೆಕ್ಟು ಮಗನದು, ಬೆವರು ಅಪ್ಪನದು!

ಶಿವಮೊಗ್ಗ: ಬೆಳಿಗ್ಗೆ ಶಾಲೆ ವೇಳೆಯ ಬಸ್ಸು ಹತ್ತುವವರಿಗೆ ಈ ನೋಟ ಹೊಸದಲ್ಲ. ಬೆನ್ನಿಗೆ ಹೊರಲಾರದ ಚೀಲ, ಎರಡೂ ಕೈಯಲ್ಲಿ ಥರ್ಮಾಕೋಲಿನ ಒಂದು ಜ್ವಾಲಾಮುಖಿ, ಕಂಬಿ ಹಿಡಿಯಲು ಮೂರನೇ ಕೈಯಿಲ್ಲದೆ ತೂರಾಡುವ ಒಬ್ಬ ಹುಡುಗ. ಕಂಡಕ್ಟರು ಹಿಂದಿನಿಂದ "ಒಳಗ್ ಹೋಗ್ರೀ, ಒಳಗ್ ಹೋಗ್ರೀ" ಅಂತಾನೆ. ಡ್ರೈವರು ಬ್ರೇಕ್ ಒತ್ತಿದರೆ ಜ್ವಾಲಾಮುಖಿ ಯಾರದೋ ತೊಡೆಯ ಮೇಲೆ ಸ್ಫೋಟ!

"ಏನಪ್ಪಾ ಇದು?" ಅಂದರೆ "ಪ್ರಾಜೆಕ್ಟು" ಅಂತ ಉತ್ತರ ಬರುತ್ತೆ. "ಯಾರು ಮಾಡಿದ್ದು?" ಅಂತ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಹುಡುಗನ ಮುಖ ಕಿಟಕಿ ಕಡೆ ತಿರುಗುತ್ತೆ.

ಯಾರು ಮಾಡಿದ್ದು ಅನ್ನೋದು ಊರಿಗೆಲ್ಲ ಗೊತ್ತಿರುವ ಗುಟ್ಟು. ಅರ್ಧ ಅಂಗಡಿಯವರು ಮಾಡಿದ್ದು, ಅರ್ಧ ಅಪ್ಪ-ಅಮ್ಮ ರಾತ್ರಿ ಹನ್ನೊಂದರವರೆಗೆ ಕೂತು ಅಂಟಿಸಿದ್ದು. ಮಗ ಮಾಡಿದ್ದು ಒಂದೇ ಕೆಲಸ, ಬಸ್ಸಿನಲ್ಲಿ ಹೊತ್ತು ತಂದದ್ದು.

ಅಂಗಡಿಯವರ ತಪ್ಪೇನು?

ಊರಿನ ಸ್ಟೇಷನರಿ ಅಂಗಡಿಗಳಲ್ಲಿ ಶಾಲೆ ಶುರುವಾದ ಮೇಲೆ ಚಾರ್ಟ್ ಪೇಪರು, ಬಣ್ಣದ ಹಾಳೆ, ಥರ್ಮಾಕೋಲು, ಗಮ್ಮು, ಮಿನುಗು ಪುಡಿ ಎಲ್ಲಕ್ಕೂ ಒಂದು ಸೀಜನ್ನು. ಸೌರಮಂಡಲ ಬೇಕೇ? ಇದೆ. ಮಳೆಕೊಯ್ಲು, ಹೃದಯ, ಗಾಳಿಯಂತ್ರ? ಎಲ್ಲ ರೆಡಿ. ಇಂಟರ್‌ನೆಟ್ಟಿನಿಂದ ಇಳಿಸಿದ ಇಪ್ಪತ್ತು ಪುಟಕ್ಕೆ ಸ್ಪೈರಲ್ ಬೈಂಡಿಂಗ್ ಮಾಡಿ ಮೇಲೆ ಮಗುವಿನ ಹೆಸರು ಹಾಕಿಕೊಡುವ ಜೆರಾಕ್ಸ್ ಅಂಗಡಿಗಳೂ ಉಂಟು.

ಇದಕ್ಕೆ ಅಂಗಡಿಯವರನ್ನು ಬಯ್ದು ಪ್ರಯೋಜನವಿಲ್ಲ. ಗಿರಾಕಿ ಕೇಳಿದ್ದನ್ನು ಕೊಡೋದು ವ್ಯಾಪಾರ. ಸಂಜೆ ಏಳು ಗಂಟೆಗೆ ಕೂಲಿ ಮುಗಿಸಿ ಬಂದ ತಾಯಿ "ನಾಳೆ ಬೆಳಿಗ್ಗೆ ತರದಿದ್ರೆ ಮಿಸ್ಸು ಹೊರಗೆ ನಿಲ್ಲಿಸ್ತಾರಂತೆ ಕಣಣ್ಣ" ಅಂತ ಕೌಂಟರಿನ ಮುಂದೆ ನಿಂತರೆ, "ಮಗೂನೇ ಮಾಡಬೇಕಮ್ಮ" ಅಂತ ಉಪದೇಶ ಮಾಡಿ ವಾಪಸು ಕಳಿಸೋಕೆ ಆಗುತ್ತದೆಯೇ? ಅವಳ ಸೆರಗಿನ ಗಂಟು ಬಿಚ್ಚುತ್ತೆ, ಜ್ವಾಲಾಮುಖಿ ಮನೆಗೆ ಹೋಗುತ್ತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ ಕೇಳಿದ್ದೆವು. ಇಲ್ಲಿ ಮಲ್ಲಿಗೆ ಮುಡಿಯಲೇಬೇಕು ಅಂತ ಹೇಳಿ ಕಳಿಸುತ್ತಿರುವುದು ಶಾಲೆ!

ಇನ್ನೊಂದು ತಮಾಷೆ ಕೇಳಿ. ಅಲಂಕಾರಕ್ಕೆ ಬಳಸುವ ಥರ್ಮಾಕೋಲಿಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧವಿದೆ. ಮಣ್ಣಲ್ಲಿ ಹೂತರೂ ಕರಗದ ವಸ್ತು ಅದು. ಅದೇ ಥರ್ಮಾಕೋಲಿನಲ್ಲಿ "ಪರಿಸರ ಉಳಿಸಿ" ಅಂತ ಅಕ್ಷರ ಕತ್ತರಿಸಿ, ಹಸಿರು ಬಣ್ಣ ಬಳಿದು, ಮೇಷ್ಟ್ರ ಮೇಜಿನ ಮೇಲಿಡುವ ಪ್ರಾಜೆಕ್ಟುಗಳಿಗೆ ಲೆಕ್ಕವಿಲ್ಲ. ವಾರ ಕಳೆದರೆ ಅದು ಶಾಲೆಯ ಹಿಂದಿನ ಗುಂಡಿಗೆ. ಮಳೆ ಬಂದರೆ ಚರಂಡಿಗೆ. ಚರಂಡಿಯಿಂದ ತುಂಗೆಗೆ.

ಅಂಕದ ಗಣಿತ

ಇಷ್ಟೆಲ್ಲ ಯಾಕೆ? ಅಂಕಕ್ಕೆ ಸ್ವಾಮಿ, ಅಂಕಕ್ಕೆ.

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳಿಗೆ ಲಿಖಿತ ಪರೀಕ್ಷೆ 80, ಶಾಲೆಯೇ ಕೊಡುವ ಆಂತರಿಕ ಅಂಕ 20. ಪ್ರಥಮ ಭಾಷೆಗೆ 100 ಮತ್ತು 25. ಪಿಯುಸಿಯಲ್ಲಿ ವಿಜ್ಞಾನದವರಿಗೆ ಮಾತ್ರ ಪ್ರಾಕ್ಟಿಕಲ್ ಇದ್ದ ಕಾಲ ಹೋಯಿತು. 2023-24ರಿಂದ ಪ್ರಾಕ್ಟಿಕಲ್ ಇಲ್ಲದ ವಿಷಯಗಳಿಗೂ 20 ಆಂತರಿಕ ಅಂಕ ಬಂದಿದೆ, ಅದರಲ್ಲಿ ಪ್ರಾಜೆಕ್ಟಿಗೂ ಪಾಲಿದೆ.

ಯೋಜನೆ ಕೆಟ್ಟದ್ದಲ್ಲ. ವರ್ಷವಿಡೀ ಕಲಿತದ್ದನ್ನು ಮೂರು ಗಂಟೆಯ ಪರೀಕ್ಷೆಯೊಂದರಲ್ಲೇ ಅಳೆಯಬಾರದು ಅನ್ನೋದು ಒಳ್ಳೆಯ ಉದ್ದೇಶ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೇ ಕಲಮು ಕೂಡ ಮಗು ಚಟುವಟಿಕೆ, ಹುಡುಕಾಟ, ಅನ್ವೇಷಣೆಗಳ ಮೂಲಕ ಕಲಿಯಬೇಕು ಅಂತಲೇ ಹೇಳುತ್ತದೆ. ಆದರೆ ಕಾಯಿದೆಯ ಕಾಗದದಿಂದ ಕ್ಲಾಸ್‌ರೂಮಿನ ಬೆಂಚಿಗೆ ಬರುವಷ್ಟರಲ್ಲಿ "ಹುಡುಕಾಟ" ಅನ್ನೋದು ಅಂಗಡಿ ಹುಡುಕಾಟವಾಗಿ ಹೋಗಿದೆ.

ಪ್ರಾಜೆಕ್ಟು ಅಂದರೆ ಏನು?

ಈ ಮಾತು ಎಲ್ಲಿಂದ ಬಂತು ಅಂತ ಸ್ವಲ್ಪ ಹಿಂದೆ ಹೋಗಿ ನೋಡೋಣ. ಅಮೆರಿಕದ ಷಿಕಾಗೋದಲ್ಲಿ ಜಾನ್ ಡ್ಯೂಯಿ ಎಂಬ ಪ್ರೊಫೆಸರು 1896ರಲ್ಲಿ ಒಂದು ಪ್ರಯೋಗ ಶಾಲೆ ತೆರೆದರು. ಅಲ್ಲಿ ಮಕ್ಕಳು ಅಡುಗೆ ಮಾಡುತ್ತಾ, ನೂಲುತ್ತಾ, ಮರಗೆಲಸ ಮಾಡುತ್ತಾ ಲೆಕ್ಕ-ವಿಜ್ಞಾನ ಕಲಿಯುತ್ತಿದ್ದರು. ಅವರ ಹಾದಿ ಹಿಡಿದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ "ಪ್ರಾಜೆಕ್ಟ್ ವಿಧಾನ" ಅಂತ ಒಂದು ಲೇಖನ ಬರೆದರು. ಮಗುವಿಗೆ ಅದು ತನ್ನ ಸ್ವಂತ ಕೆಲಸ ಅನ್ನಿಸಬೇಕು, ಮನಸಾರೆ ಮಾಡಬೇಕು, ನಾಲ್ಕು ಜನರ ನಡುವೆ ಮಾಡಬೇಕು ಅನ್ನೋದು ಅದರ ಸಾರ. ಆ ಲೇಖನದಿಂದ ಈ ಪದ ಶಾಲೆಗಳಲ್ಲಿ ಹೆಚ್ಚು ಪ್ರಚಾರಕ್ಕೆ ಬಂತು.

ಅಮೆರಿಕದ ಮಾತು ನಮಗ್ಯಾಕೆ ಅನ್ನುವವರಿಗೆ ನಮ್ಮ ಮಾತೂ ಇದೆ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಸೇರಿಸಿದ ಸಮ್ಮೇಳನದಲ್ಲಿ ನಯೀ ತಾಲೀಮು ಚರ್ಚೆಗೆ ಬಂತು. ಕೈಕೆಲಸದ ಸುತ್ತ ಓದು ಕಟ್ಟಬೇಕು ಅಂತ ತೀರ್ಮಾನವಾಗಿ, ಪಠ್ಯ ರೂಪಿಸಲು ಜಾಕಿರ್ ಹುಸೇನರ ಸಮಿತಿ ಕೂತಿತು. ಇತ್ತ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ಗೋಡೆಯಾಚೆಗೆ ತಂದು ಪ್ರಯೋಗ ಮಾಡಿದರು. ಹೀಗಾಗಿ ಇದು ಕಾನ್ವೆಂಟು ಶಾಲೆಯ ಶೋಕಿಯಲ್ಲ.

ಪ್ರಾಜೆಕ್ಟಿಗೆ ಮೊದಲು ಬೇಕಾದದ್ದು ಒಂದು ಪ್ರಶ್ನೆ. ಉತ್ತರ ಪುಸ್ತಕದ ಹಿಂದಿನ ಪುಟದಲ್ಲಿ ಇರಬಾರದು. ಮಗು ಎದ್ದು ಹೋಗಿ, ನೋಡಿ, ಕೇಳಿ, ಅಳೆದು, ಎಣಿಸಿ ಬರೆದುಕೊಂಡು ಬರಬೇಕು. ಬಂದು ನಾಲ್ಕು ಜನರ ಮುಂದೆ "ನಾನು ಕಂಡದ್ದು ಇದು" ಅಂತ ಹೇಳಬೇಕು. ಪ್ರಶ್ನೆಯೇ ಇಲ್ಲದ ಥರ್ಮಾಕೋಲ್ ಜ್ವಾಲಾಮುಖಿ ಬೊಂಬೆ, ಅಷ್ಟೇ. ಬೊಂಬೆಹಬ್ಬದಲ್ಲಿ ಇಡಬಹುದು.

ಹೋಶಂಗಾಬಾದು ಕಲಿಸಿದ್ದು

"ಇದೆಲ್ಲ ಹೇಳೋಕೆ ಚೆಂದ, ಸರ್ಕಾರಿ ಶಾಲೇಲಿ ಆಗುತ್ತೇನ್ರೀ?" ಅನ್ನುವವರಿದ್ದಾರೆ. ಆಗಿದೆ. ಅದೂ ಮಧ್ಯಪ್ರದೇಶದಲ್ಲಿ ಆಗ ಹೋಶಂಗಾಬಾದ್ ಎಂದು ಕರೆಯುತ್ತಿದ್ದ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಆಗಿದೆ.

1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರ್ಕಾರದ ಅನುಮತಿ ಪಡೆದು 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಪಾಠವನ್ನು ಬುಡಮೇಲು ಮಾಡಿದವು. ಮಕ್ಕಳು ಗುಂಪುಗುಂಪಾಗಿ ತಾವೇ ಪ್ರಯೋಗ ಮಾಡುವುದು, ಹೊಲ-ಹಳ್ಳ ಸುತ್ತಿ ಎಲೆ, ಕೀಟ, ಮಣ್ಣು ತಂದು ನೋಡುವುದು, ಕಂಡದ್ದನ್ನು ತಮ್ಮ ಮಾತಿನಲ್ಲೇ ಬರೆಯುವುದು. ದುಡ್ಡಿನ ಲ್ಯಾಬು ಇರಲಿಲ್ಲ. ಹೂವು ಬಿಡಿಸಿ ನೋಡಲು ಸೂಜಿ ಬೇಕಾದಲ್ಲಿ ಜಾಲಿ ಮುಳ್ಳು ಸಾಕಾಯಿತು. ಕಾನ್ಪುರದ ಐಐಟಿಯಲ್ಲಿ ಓದಿ, ಲಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅರವಿಂದ ಗುಪ್ತ ಎಂಬ ಎಂಜಿನಿಯರು 1978ರಲ್ಲಿ ರಜೆ ಹಾಕಿ ಇಲ್ಲಿಗೆ ಬಂದರು. ಸೈಕಲ್ ಶಾಪಿನಲ್ಲಿ ಸಿಗುವ ವಾಲ್ವ್ ಟ್ಯೂಬನ್ನು ತುಂಡು ಮಾಡಿ, ಅದಕ್ಕೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಮನೆ, ಗೋಪುರ ಕಟ್ಟುವ ಆಟ ಕಂಡುಹಿಡಿದರು. ಚೌಕ ಒತ್ತಿದರೆ ವಾಲುತ್ತೆ, ತ್ರಿಕೋನ ಅಲ್ಲಾಡಲ್ಲ. ಛಾವಣಿಯ ಕೈಮರ, ಸೇತುವೆಯ ಕಬ್ಬಿಣ ಯಾಕೆ ತ್ರಿಕೋನವಾಗಿರುತ್ತೆ ಅನ್ನೋದು ಕೈಗೇ ಗೊತ್ತಾಗಿ ಹೋಗುತ್ತೆ. 2018ರಲ್ಲಿ ಇವರಿಗೆ ಪದ್ಮಶ್ರೀ ಬಂತು.

ಹೋಶಂಗಾಬಾದಿನವರು ಮಾಡಿದ ಜಾಣ ಕೆಲಸ ಇನ್ನೊಂದಿದೆ. ಅವರು ಪಾಠದ ಜೊತೆಗೆ ಪರೀಕ್ಷೆಯನ್ನೂ ಬದಲಾಯಿಸಿದರು! ಮಕ್ಕಳು ಪುಸ್ತಕ, ನೋಟ್‌ಬುಕ್ಕು ಎಲ್ಲ ಪರೀಕ್ಷಾ ಕೊಠಡಿಗೆ ತರಬಹುದಿತ್ತು. ಯಾಕೆಂದರೆ ಕೇಳುತ್ತಿದ್ದ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇರುತ್ತಿರಲಿಲ್ಲ, ಯೋಚನೆ ಮಾಡಿಯೇ ಬರೆಯಬೇಕಿತ್ತು. ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಉರು ಹೊಡೆದು ಲಾಭವಿಲ್ಲ, ಕೊಂಡು ತಂದು ಲಾಭವಿಲ್ಲ. 1978ರಲ್ಲಿ ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಇದು ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಇದನ್ನು ಬೇರೆ ಜಿಲ್ಲೆಗಳಿಗೂ ಒಯ್ದಿತು. ಮೂವತ್ತು ವರ್ಷ ನಡೆದ ಮೇಲೆ 2002ರಲ್ಲಿ ರಾಜ್ಯ ಸರ್ಕಾರವೇ ಅದನ್ನು ನಿಲ್ಲಿಸಿತು. ಒಳ್ಳೆಯದಕ್ಕೆ ಆಯುಷ್ಯ ಕಮ್ಮಿ ಅಂತಾರಲ್ಲ, ಹಾಗೆ.

ನಮ್ಮಲ್ಲೇನು ಕಮ್ಮಿ?

ಕರ್ನಾಟಕದಲ್ಲೂ ಒಳ್ಳೆಯ ಕೆಲಸ ನಡೆದಿಲ್ಲ ಅನ್ನುವ ಹಾಗಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಶುರುವಾದ "ನಲಿ-ಕಲಿ" ಆಮೇಲೆ ರಾಜ್ಯದ ಸಣ್ಣ ತರಗತಿಗಳಿಗೆಲ್ಲ ಬಂತು. 1993ರಿಂದ ಮಕ್ಕಳ ವಿಜ್ಞಾನ ಸಮಾವೇಶ ಅಂತ ನಡೆದುಬಂತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಮ್ಮಲ್ಲಿ ಅದರ ಹೊಣೆ ಹೊತ್ತಿತು. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ಗುಂಪು ಕಟ್ಟಿಕೊಂಡು ತಮ್ಮೂರಿನ ಒಂದು ಸಮಸ್ಯೆ ಆರಿಸಿ, ಸರ್ವೆ ಮಾಡಿ, ದಿನದಿನದ ಟಿಪ್ಪಣಿ ಬರೆದು, ಜಿಲ್ಲೆಯಿಂದ ರಾಷ್ಟ್ರದ ಮಟ್ಟದವರೆಗೆ ಹೋಗಿ ಮಂಡಿಸುವ ಏರ್ಪಾಡು. ತೀರ್ಪುಗಾರರು ಎದುರು ಕೂರಿಸಿಕೊಂಡು ಪ್ರಶ್ನೆ ಹಾಕಿದರೆ ಅಪ್ಪ ಮಾಡಿಕೊಟ್ಟದ್ದು ನಿಲ್ಲುವುದಿಲ್ಲ.

ಇನ್ನು ಹಳ್ಳಿಯ ಸರ್ಕಾರಿ ಶಾಲೆಗಳ "ಮಕ್ಕಳ ಸಂತೆ" ನೋಡಿದವರಿಗೆ ಹೇಳಬೇಕಾದ್ದೇ ಇಲ್ಲ. ಮನೆಯ ಹಿತ್ತಲಿನ ಸೊಪ್ಪು, ನಿಂಬೆಹಣ್ಣು, ಕಡಲೆಕಾಯಿ ತಂದು ಶಾಲೆ ಅಂಗಳದಲ್ಲಿ ಹರಡಿಕೊಂಡು ಕೂತ ಮಕ್ಕಳು, ಕೊಳ್ಳಲು ಬಂದ ಊರವರು. "ಹತ್ತಕ್ಕೆ ಮೂರು ಕೊಡ್ತೀಯಾ?" ಅಂದರೆ "ಬರಲ್ಲ, ಅಸಲೇ ಹುಟ್ಟಲ್ಲ" ಅನ್ನುವ ಐದನೇ ಕ್ಲಾಸಿನ ಹುಡುಗಿಗೆ ಲಾಭ-ನಷ್ಟದ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಲ್ಲರೆ ಎಣಿಸುವಾಗ ಕಳೆಯುವ ಲೆಕ್ಕ, ತೂಗುವಾಗ ದಶಮಾಂಶ, ಉಳಿದ ಸೊಪ್ಪು ಬಾಡುವ ಮೊದಲು ಬೆಲೆ ಇಳಿಸುವಾಗ ಮಾರುಕಟ್ಟೆ ಪಾಠ. ಇದು ಪ್ರಾಜೆಕ್ಟು! ಖರ್ಚು ಸೊನ್ನೆ, ಥರ್ಮಾಕೋಲ್ ಸೊನ್ನೆ. ಆದರೆ ವರ್ಷಕ್ಕೊಮ್ಮೆ ನಡೆಸಿ, ಫೋಟೋ ತೆಗೆಸಿ, ಪೇಪರಿಗೆ ಕಳಿಸಿದರೆ ಮುಗಿಯಿತು ಅಂದುಕೊಳ್ಳುವ ಕಡೆ ಅದೂ ಜಾತ್ರೆಯಾಗಿ ಹೋಗುತ್ತೆ.

ಬಸ್ ಸ್ಟ್ಯಾಂಡೇ ಕ್ಲಾಸ್‌ರೂಮು

ಪ್ರಶ್ನೆಗಳಿಗೆ ಬರವೇ? ನಮ್ಮ ಬಸ್ ನಿಲ್ದಾಣವನ್ನೇ ತಗೊಳ್ಳಿ.

ಐದು ಮಕ್ಕಳು, ಒಂದು ನೋಟ್‌ಬುಕ್ಕು, ಒಂದು ಗಡಿಯಾರ. ಸೋಮವಾರದಿಂದ ಶನಿವಾರದವರೆಗೆ ಸಂಜೆ ತಮ್ಮೂರಿನ ಬಸ್ಸು ಬೋರ್ಡಿನಲ್ಲಿ ಬರೆದ ಹೊತ್ತಿಗೆ ಬಂತೇ, ಎಷ್ಟು ತಡ, ಎಷ್ಟು ಜನ ಕೂತರು, ಎಷ್ಟು ಜನ ನಿಂತರು ಅಂತ ಬರೆಯಲಿ. ಆರು ದಿನ 5, 20, 15, 0, 25, 25 ನಿಮಿಷ ತಡವಾಯಿತು ಅಂತಿಟ್ಟುಕೊಳ್ಳಿ. ಕೂಡಿದರೆ 90, ಆರರಿಂದ ಭಾಗಿಸಿದರೆ ಸರಾಸರಿ 15 ನಿಮಿಷ. ಸರಾಸರಿ ಯಾಕೆ ಬೇಕು ಅಂತ ಆ ಮಕ್ಕಳನ್ನು ಇನ್ನು ಯಾರೂ ಕೇಳಬೇಕಾಗಿಲ್ಲ. ಆಮೇಲೆ ಆ ಅಂಕಿ ಹಾಕಿ ಡಿಪೋ ಮ್ಯಾನೇಜರಿಗೆ ಒಂದು ಅರ್ಜಿ ಬರೆಯಲಿ. ಕನ್ನಡ ಪರೀಕ್ಷೆಯಲ್ಲಿ ಪತ್ರ ಬರೆಯಿರಿ ಅಂತ ಹೇಗೂ ಕೇಳುತ್ತಾರಲ್ಲ, ಇದನ್ನು ನಿಜವಾದ ವಿಳಾಸಕ್ಕೇ ಅಂಚೆಗೆ ಹಾಕಲಿ!

ಇನ್ನೊಂದು ಗುಂಪು ಬೇರೆ ಪ್ರಶ್ನೆ ಹಿಡಿಯಬಹುದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಪುಕ್ಕಟೆ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಮಲೆನಾಡಿನಲ್ಲಿ ಖಾಸಗಿ ಬಸ್ಸು ನಂಬಿಕೊಂಡ ರೂಟುಗಳು ಎಷ್ಟೋ ಇವೆ. ನಮ್ಮ ರೂಟಿನಲ್ಲಿ ದಿನಕ್ಕೆ ಸರ್ಕಾರಿ ಬಸ್ಸು ಎಷ್ಟು, ಖಾಸಗಿ ಎಷ್ಟು? ಯೋಜನೆ ನಮ್ಮ ಅಮ್ಮನಿಗೆ ಎಷ್ಟು ಮುಟ್ಟಿದೆ? ಎರಡು ದಿನ ಎಣಿಸಿದರೆ ಸಾಕು, ಸಮಾಜ ವಿಜ್ಞಾನದ ಒಂದು ಪಾಠ ಕಣ್ಣ ಮುಂದೆ ನಿಲ್ಲುತ್ತೆ.

ಅಂಗಡಿ ಸಾಲಿಗೆ ಬನ್ನಿ. ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು ಅನ್ನೋದು ಕಾನೂನು. 5 ರೂಪಾಯಿಗೆ 40 ಗ್ರಾಮಿನ ಒಂದು ಸಣ್ಣ ಪೊಟ್ಟಣ, 50 ರೂಪಾಯಿಗೆ 500 ಗ್ರಾಮಿನ ದೊಡ್ಡ ಪೊಟ್ಟಣ ಇದೆ ಅನ್ನಿ. ಮೊದಲನೆಯದು ಗ್ರಾಮಿಗೆ ಹನ್ನೆರಡೂವರೆ ಪೈಸೆ, ಎರಡನೆಯದು ಹತ್ತು ಪೈಸೆ. ಕೈಯಲ್ಲಿ ಐದೇ ರೂಪಾಯಿ ಇದ್ದವನು ಹೆಚ್ಚು ಬೆಲೆ ತೆರುತ್ತಾನೆ! ಈ ಭಾಗಾಕಾರ ಮಾಡಿದ ಮಗು ಮನೆಗೆ ಹೋಗಿ ಅಮ್ಮನಿಗೆ ಹೇಳದೆ ಇರುತ್ತದೆಯೇ? ಹಾಗೆಯೇ ತಕ್ಕಡಿಯ ಮುದ್ರೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ ತೂಕ-ಅಳತೆ ಇಲಾಖೆಯ ಮುದ್ರೆ ಆಗಬೇಕು. ಸರಿಯಾಗಿ ತೂಗುವ ವರ್ತಕ ಮಕ್ಕಳನ್ನು ಕರೆದು ಮುದ್ರೆ ತೋರಿಸಲಿ. ಅದಕ್ಕಿಂತ ಒಳ್ಳೆ ಜಾಹೀರಾತು ಬೇಕೇ?

ಬೀದಿ ನಲ್ಲಿಯೂ ಸಾಕು. ಸೆಕೆಂಡಿಗೊಂದು ಹನಿ ಸೋರಿದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೆ ನಾಲ್ಕು ಲೀಟರಿಗೂ ಮೇಲೆ. ನಿಜವಾಗಿ ಎಷ್ಟು ಅಂತ ಬಾಟಲಿ ಹಿಡಿದು ಅಳೆಯಲಿ. ಬೀದಿಯಲ್ಲಿ ಅಂಥ ನಲ್ಲಿ ಎಷ್ಟು ಅಂತ ಎಣಿಸಲಿ. ಹಳ್ಳಿಯಾದರೆ ಆ ಪಟ್ಟಿಯನ್ನು ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಓದಲಿ. "ನೀರು ಪೋಲು ಮಾಡಬೇಡಿ" ಅಂತ ಚಾರ್ಟಿನಲ್ಲಿ ಬರೆದದ್ದನ್ನು ಯಾವ ಪ್ರೆಸಿಡೆಂಟರೂ ಓದಲ್ಲ. "ನಮ್ಮ ಬೀದಿಯಲ್ಲಿ ಹನ್ನೊಂದು ನಲ್ಲಿ ಸೋರ್ತಿವೆ ಸಾರ್" ಅಂತ ಆರನೇ ಕ್ಲಾಸಿನವಳು ಎದ್ದು ನಿಂತು ಕೇಳಿದರೆ ಉತ್ತರ ಹೇಳಲೇಬೇಕು.

ಮೇಷ್ಟ್ರ ಕಷ್ಟವೂ ಕಷ್ಟವೇ

ಮೇಷ್ಟ್ರುಗಳನ್ನು ಒಂದೇ ಸಮ ದೂರುವುದು ಸುಲಭ. ಅವರ ಲೆಕ್ಕವನ್ನೂ ನೋಡಿ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಆರು ವಿಷಯ. ಒಂದೊಂದಕ್ಕೆ ಒಂದೇ ಚಟುವಟಿಕೆ ಅಂದರೂ ಒಬ್ಬ ಹುಡುಗನ ತಲೆಗೆ ವರ್ಷಕ್ಕೆ 24. ನಲವತ್ತು ಮಕ್ಕಳ ಕ್ಲಾಸಿಗೆ 960 ಕಡತ! ಅದರ ಮೇಲೆ ಪೋರ್ಷನ್ನು, ಬಿಸಿಯೂಟ, ಗಣತಿ, ಚುನಾವಣೆ. ಇಷ್ಟನ್ನು ಓದಿ ನೋಡಿ ಅಂಕ ಕೊಡೋದು ದೇವರಿಗೂ ಸಾಧ್ಯವಿಲ್ಲ. ಹಾಗಾಗಿ ರಟ್ಟಿನ ಮಿಂಚು ನೋಡಿ ಅಂಕ ಬೀಳುತ್ತೆ. ಮಿಂಚು ಯಾರ ಮನೆಯಲ್ಲಿ ದುಡ್ಡಿದೆಯೋ ಅವರದು.

ಇನ್ನೊಂದು ಮಾತನ್ನೂ ಒಪ್ಪಬೇಕು. ಪ್ರಾಜೆಕ್ಟೇ ಎಲ್ಲವನ್ನೂ ಕಲಿಸುತ್ತೆ ಅನ್ನುವುದು ಸುಳ್ಳು. ಮಗ್ಗಿ ಬಾರದವನಿಗೆ ಸಂತೆ ಲೆಕ್ಕ ಬಾರದು. ಓದಲು ಬಾರದವಳು ಪೊಟ್ಟಣದ ಮೇಲಿನ ಅಕ್ಷರ ಹೇಗೆ ಓದ್ಯಾಳು? ಮೊದಲು ಮೇಷ್ಟ್ರು ಕಲಿಸಬೇಕು, ಆಮೇಲೆ ಮಗು ಅದನ್ನು ಬೀದಿಯಲ್ಲಿ ಪರೀಕ್ಷೆ ಮಾಡಬೇಕು. "ನೀವೇ ಮಾಡ್ಕೊಂಡ್ ಬನ್ನಿ" ಅಂತ ಕೈ ತೊಳೆದುಕೊಂಡರೆ ಮಗು ಅಂಗಡಿಗೇ ಹೋಗುತ್ತೆ.

ಮಾಡಬಹುದಾದದ್ದು

ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಿಲ್ಲ. ಇಪ್ಪತ್ನಾಲ್ಕರ ಬದಲು ವರ್ಷಕ್ಕೆ ಎರಡೋ ಮೂರೋ ಪ್ರಾಜೆಕ್ಟು ಸಾಕು, ಎರಡು-ಮೂರು ವಿಷಯಗಳ ಮೇಷ್ಟ್ರುಗಳು ಸೇರಿ ಒಂದಕ್ಕೇ ಅಂಕ ಕೊಡಲಿ. ಬಸ್ಸಿನ ಪ್ರಾಜೆಕ್ಟು ಗಣಿತಕ್ಕೂ ಆಯಿತು, ಸಮಾಜಕ್ಕೂ ಆಯಿತು, ಕನ್ನಡಕ್ಕೂ ಆಯಿತು. ಅಂಗಡಿಯಿಂದ ಕೊಂಡು ತಂದ ಮಾದರಿಗೆ ಅಂಕವಿಲ್ಲ ಅಂತ ಶಾಲೆ ಬಾಗಿಲಿಗೆ ಒಂದು ಚೀಟಿ ಅಂಟಿಸಲಿ. ಗೀಚಿ, ಹೊಡೆದು, ತಿದ್ದಿ ಕೊಳೆಯಾದ ಒರಟು ನೋಟ್‌ಬುಕ್ಕಿಗೇ ಅಂಕ ಕೊಡಲಿ. ಕೊನೆಗೆ ಎರಡು ನಿಮಿಷ ಮಗುವನ್ನು ಎದುರು ನಿಲ್ಲಿಸಿಕೊಂಡು "ಯಾರನ್ನ ಕೇಳ್ದೆ? ಏನ್ ಅಂದ್ರು? ನಿಂಗೆ ಆಶ್ಚರ್ಯ ಆಗಿದ್ದು ಏನು?" ಅಂತ ಮೂರು ಪ್ರಶ್ನೆ ಹಾಕಲಿ. ಜೆರಾಕ್ಸ್ ಅಂಗಡಿಯ ಇಪ್ಪತ್ತು ಪುಟ ಅಲ್ಲೇ ಮುಗ್ಗರಿಸುತ್ತೆ.

ಸ್ಟೇಷನರಿ ಅಂಗಡಿಯವರು ಹೆದರಬೇಕಾಗಿಲ್ಲ. ನೋಟ್‌ಬುಕ್ಕು, ಪೆನ್ಸಿಲ್ಲು, ಗ್ರಾಫ್ ಹಾಳೆ, ಅಳತೆ ಟೇಪು ಆಗಲೂ ನಿಮ್ಮ ಹತ್ತಿರವೇ ಬರಬೇಕು.

ಜಿಲ್ಲೆಯ ಉಪನಿರ್ದೇಶಕರ ಕಚೇರಿಯ ಅಧಿಕಾರಿಗಳಿಗೆ ಒಂದು ಮನವಿ. ಶಾಲೆ ತಪಾಸಣೆಗೆ ಹೋದಾಗ ಬೀರುವಿನಲ್ಲಿ ಜೋಡಿಸಿಟ್ಟ ಮಾದರಿಗಳನ್ನು ನೋಡಿ ರಿಜಿಸ್ಟರಿಗೆ ಸಹಿ ಹಾಕಿ ಬರಬೇಡಿ. ಯಾವುದಾದರೂ ಒಂದು ಮಾದರಿ ಕೈಗೆತ್ತಿಕೊಂಡು, ಮೇಲೆ ಬರೆದಿರುವ ಹೆಸರಿನ ಮಗುವನ್ನು ಕರೆಸಿ "ಇದರ ಬಗ್ಗೆ ಹೇಳಪ್ಪ" ಅನ್ನಿ. ತಪಾಸಣೆ ಅಲ್ಲಿಗೆ ಮುಗಿಯುತ್ತೆ.

ವರ್ತಕ ಬಾಂಧವರಿಗೂ ಒಂದು ಮಾತು. ಸಂಜೆ ವ್ಯಾಪಾರದ ಗಡಿಬಿಡಿಯಲ್ಲಿ ಯೂನಿಫಾರ್ಮಿನ ಹುಡುಗಿ ಒಬ್ಬಳು ನೋಟ್‌ಬುಕ್ಕು ಹಿಡಿದು "ಅಣ್ಣಾ, ಈರುಳ್ಳಿ ಎಲ್ಲಿಂದ ಬರುತ್ತೆ? ಹೋದ ವಾರ ಎಷ್ಟಿತ್ತು? ಯಾಕೆ ಜಾಸ್ತಿಯಾಯ್ತು?" ಅಂತ ಕೇಳಿಕೊಂಡು ಬಂದರೆ "ಹೋಗಮ್ಮ, ಟೈಮಿಲ್ಲ" ಅಂತ ಓಡಿಸಬೇಡಿ. ಐದು ನಿಮಿಷ ಕೊಡಿ. ಹೋದ ವಾರ ಎಷ್ಟಿತ್ತು, ಈ ವಾರ ಎಷ್ಟಾಯ್ತು, ಯಾಕಾಯ್ತು ಅನ್ನೋದು ನಿಮಗಿಂತ ಚೆನ್ನಾಗಿ ಗೊತ್ತಿರುವವರು ಇನ್ಯಾರು?